ಮೂತ್ರನಾಳದ ಮೇಲ್ಭಾಗದ ದೊಡ್ಡ ಹರಳು: ಪಕ್ಕೆಯ ಕೊಯ್ತದಿಂದ ಲೇಸರ್‌ವರೆಗೆ

"ಲೇಸರ್‌ಲೇನ ತಗೀರಿ ಸಾಹೇಬ್ರ, ಕೊಯ್ಯಬ್ಯಾಡ್ರಿ." ಎಕ್ಸ್‌ರೇ ಹಾಳೆಯನ್ನು ಮೇಜಿನ ಮೇಲಿಡುವ ಮೊದಲೇ ಈ ಮಾತು ಬರುತ್ತದೆ. ಕೆರೂರ, ಬಾದಾಮಿ, ಹುನಗುಂದ ಕಡೆಯಿಂದ ಬರುವವರು ಇದನ್ನು ಗೋಡೆಯ ಮೇಲಿನ ಜಾಹೀರಾತುಗಳಿಂದ ಕಲಿತಿದ್ದಾರೆ, ಅವರದೇನೂ ತಪ್ಪಿಲ್ಲ. ಎಂ.ಸಿಎಚ್. ಮುಗಿಸಿ ಬಂದ ಎಳೆಯ ಸಹೋದ್ಯೋಗಿಗಳೂ ಮಾರ್ಗಸೂಚಿಯ ಹೆಸರೆತ್ತಿ ಅದನ್ನೇ ಹೇಳಿದಾಗ ಮಾತ್ರ ಕಿರಿಕಿರಿಯಾಗುತ್ತದೆ. ಮೂತ್ರನಾಳದ ಮೇಲ್ಭಾಗದಲ್ಲಿ 10 ಮಿ.ಮೀ. ಮೀರಿದ ಹರಳಿದ್ದರೆ ಮೊದಲ ಆಯ್ಕೆ ಯುರೆಟೆರೊಸ್ಕೋಪಿ, ಅಂದರೆ ನಾಳದೊಳಗೆ ದುರ್ಬೀನು ಹಾಯಿಸುವುದು, ಎಂದು ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ಹೇಳುವುದು ನಿಜ. ಆದರೆ ಹೋದ ವಾರವಷ್ಟೇ ಕೆಳಗಿಳಿದ 11 ಮಿ.ಮೀ. ಹರಳೂ ಹತ್ತನ್ನು ಮೀರಿದ್ದೇ. ಆರು ತಿಂಗಳಿಂದ ನಾಳದ ಗೋಡೆಗೆ ಅಂಟಿ ಕೂತ 22 ಮಿ.ಮೀ. ಹರಳೂ ಹತ್ತನ್ನು ಮೀರಿದ್ದೇ. ದುರ್ಬೀನನ್ನು ಕೆಳಗಿನಿಂದಲೂ ಹಾಯಿಸಬಹುದು, ಮೇಲಿನಿಂದಲೂ ಹಾಯಿಸಬಹುದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಉಳಿದ ದಾರಿಗಳು ಫಲಿಸದ ಕಡೆ ಲ್ಯಾಪರೊಸ್ಕೋಪಿಗೂ ಜಾಗ ಇಟ್ಟಿದೆ. ಅಷ್ಟು ದೂರ ಓದುವವರು ಕಡಿಮೆ.

ನಮ್ಮ ಭಾಗದಲ್ಲಿ ಇದು ಪುಸ್ತಕದ ಚರ್ಚೆಯಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕಲ್ಲು ಸೀಳುವವರು, ಗುಳೇದಗುಡ್ಡ ಮತ್ತು ಇಳಕಲ್ಲಿನ ಮಗ್ಗದ ಮನೆಗಳಲ್ಲಿ ತಗಡಿನ ಕೆಳಗೆ ದಿನವಿಡೀ ಕೂರುವವರು, ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬಿನ ಹೊಲದವರು ಮೈಯಿಂದ ಸುರಿದ ಬೆವರಿನಷ್ಟು ನೀರನ್ನು ಕುಡಿಯುವುದಿಲ್ಲ. ಗಟ್ಟಿಯಾದ ಮೂತ್ರದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಟ್ಟುತ್ತದೆ. ಬೋರ್‌ವೆಲ್ಲಿನ ಗಡಸು ನೀರೇ ಕಾರಣ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದಕ್ಕಿರುವ ಪುರಾವೆ ತೆಳು. ನೀರು ಎಂಥದು ಎನ್ನುವುದಕ್ಕಿಂತ ಎಷ್ಟು ಕುಡಿದಿರಿ ಎನ್ನುವುದೇ ದೊಡ್ಡದು.

ಮೂತ್ರನಾಳ 25ರಿಂದ 30 ಸೆಂ.ಮೀ. ಉದ್ದದ, ಮೂರು ನಾಲ್ಕು ಮಿ.ಮೀ. ಒಳಗಂಡಿಯ ಕೊಳವೆ. ಮೂತ್ರಪಿಂಡದಿಂದ ಹೊರಟು ಸೊಂಟದ ಎಲುಬನ್ನು ತಲುಪುವವರೆಗಿನದು ಅದರ ಮೇಲ್ಭಾಗ. ಐದು ಮಿ.ಮೀ.ವರೆಗಿನ ಹರಳು ನೂರರಲ್ಲಿ 68 ಮಂದಿಯಲ್ಲಿ ತಾನಾಗಿ ಬೀಳುತ್ತದೆ, ಐದರಿಂದ ಹತ್ತರವರೆಗಿನದು 47 ಮಂದಿಯಲ್ಲಿ ಎಂದು ಅಮೆರಿಕ ಮತ್ತು ಯುರೋಪಿನ ಸಂಘಗಳ 2007ರ ಜಂಟಿ ಸಮೀಕ್ಷೆ ಹೇಳಿತು. ಹತ್ತು ದಾಟಿದ ಮೇಲೆ ಕಾಯುವುದರಲ್ಲಿ ಅರ್ಥ ಉಳಿಯುವುದಿಲ್ಲ. ಹರಳು ಎರಡು ತಿಂಗಳು ಒಂದೇ ಜಾಗದಲ್ಲಿ ನಿಂತರೆ ಸುತ್ತಲಿನ ಒಳಪೊರೆ ಊದಿಕೊಂಡು ಅದನ್ನು ಅಪ್ಪಿ ಹಿಡಿಯುತ್ತದೆ. ತಂತಿ ಕೂಡ ಪಕ್ಕದಲ್ಲಿ ತೂರುವುದಿಲ್ಲ. ಆ ಹೊತ್ತಿಗೆ ನೋವು ಬಹಳ ಸಲ ನಿಂತೇ ಹೋಗಿರುತ್ತದೆ. "ಈಗ ಆರಾಮದೀನ್ರಿ" ಎಂದು ರೋಗಿ ಹೇಳುತ್ತಿರುವಾಗಲೇ ಮೂತ್ರಪಿಂಡ ಊದಿ, ತೆಳುವಾಗಿ, ಸದ್ದಿಲ್ಲದೆ ಸಾಯುತ್ತಿರುತ್ತದೆ.

ಹಳೆಯ ಕಥೆಯನ್ನು ಬೇಗ ಮುಗಿಸಬಹುದು. ಸುಶ್ರುತನ ಅಶ್ಮರೀ ಚಿಕಿತ್ಸೆ ಮೂತ್ರಕೋಶದ ಹರಳಿನದು. ಇಂಥ ಲೇಖನಗಳಲ್ಲಿ ಅದನ್ನು ಎಳೆದು ತರುವುದು ರೂಢಿಯಾಗಿದೆ. ಮೂತ್ರನಾಳದ ಹರಳಿಗೂ ಅದಕ್ಕೂ ಸಂಬಂಧ ದೂರದ್ದು. ಪಕ್ಕೆ ಕೊಯ್ದು, ನಾಳವನ್ನು ಹುಡುಕಿ, ಸೀಳಿ ಹರಳು ತೆಗೆಯುವ ಶಸ್ತ್ರಕ್ರಿಯೆ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಶುರುವಾಗಿ ಸುಮಾರು ನೂರು ವರ್ಷ ಬೇರೆ ದಾರಿಯಿಲ್ಲದೆ ನಡೆಯಿತು. ನಮ್ಮವರು ಅದಕ್ಕಾಗಿ 1894ರಲ್ಲಿ ವಾನ್‌ಲೆಸ್ ಸ್ಥಾಪಿಸಿದ ಮಿರಜಿನ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದರು. 1957ರ ನಂತರ ಹುಬ್ಬಳ್ಳಿಯ ಕೆಎಂಸಿಗೆ. ಹನ್ನೆರಡನೇ ಪಕ್ಕೆಲುಬಿನ ಕೆಳಗೆ ಗೇಣುದ್ದದ ಗಾಯ, ಮೂರು ಪದರ ಸ್ನಾಯು, ಎರಡು ತಿಂಗಳು ಭಾರ ಎತ್ತುವಂತಿಲ್ಲ. ಕೆಲವರಿಗೆ ಪಕ್ಕೆ ಕಾಯಂ ಉಬ್ಬಿಕೊಂಡು ಉಳಿಯುತ್ತಿತ್ತು. ಆದರೂ ಆ ಕಾಲದ ಸರ್ಜನರ ಪರವಾಗಿ ಒಂದು ಮಾತು ಹೇಳಲೇಬೇಕು: ಹರಳು ಒಂದೇ ಸಲಕ್ಕೆ, ಇಡಿಯಾಗಿ ಹೊರಗೆ ಬರುತ್ತಿತ್ತು, ರೋಗಿ ಮತ್ತೆ ಅದೇ ಹರಳಿಗೆ ಬರುತ್ತಿರಲಿಲ್ಲ.

1980ರ ಫೆಬ್ರುವರಿಯಲ್ಲಿ ಮ್ಯೂನಿಕ್‌ನಲ್ಲಿ ಕ್ರಿಸ್ಟಿಯನ್ ಶೌಸಿ ಮತ್ತು ಅವರ ತಂಡ ಮೊದಲ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಮಲಗಿಸಿ ಹೊರಗಿನಿಂದ ಆಘಾತ ತರಂಗ ಹಾಯಿಸಿ ಹರಳು ಒಡೆದರು. ವಿಮಾನ ಕಟ್ಟುವ ಡಾರ್ನಿಯರ್ ಕಂಪನಿ ವೇಗದ ವಿಮಾನಗಳಿಗೆ ಮಳೆಹನಿ ಬಡಿದಾಗ ಲೋಹಕ್ಕಾಗುವ ಪೆಟ್ಟನ್ನು ಪರಿಶೀಲಿಸುತ್ತಿದ್ದಾಗ ಹೊಳೆದ ವಿದ್ಯೆ ಇದು. ಹತ್ತೇ ವರ್ಷದಲ್ಲಿ ಜಗತ್ತಿನ ಶಸ್ತ್ರಕ್ರಿಯಾ ಕೊಠಡಿಗಳಿಂದ ಹರಳಿನ ಕೊಯ್ತ ಮಾಯವಾಗತೊಡಗಿತು. ಸಣ್ಣ ಹರಳಿಗೆ ಇಂದಿಗೂ ಇದಕ್ಕಿಂತ ಸೌಮ್ಯವಾದ ಚಿಕಿತ್ಸೆ ಇಲ್ಲ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 'ಟಿಸು' ಪ್ರಯೋಗದಲ್ಲಿ ತರಂಗ ಚಿಕಿತ್ಸೆ ಪಡೆದವರ ಪೈಕಿ ಸುಮಾರು 22 ಪ್ರತಿಶತಕ್ಕೆ ಮಾತ್ರ ಮುಂದೆ ಮತ್ತೊಂದು ಚಿಕಿತ್ಸೆ ಬೇಕಾಯಿತು. ಯುರೆಟೆರೊಸ್ಕೋಪಿ ಗುಂಪಿನಲ್ಲಿ ಅದು ಸುಮಾರು 10. ಮೈಗೆ ದುರ್ಬೀನು ತಾಕಿಸದೆ ಇಷ್ಟು ಜನ ಪಾರಾದದ್ದು ಸಣ್ಣ ಮಾತಲ್ಲ. ಆದರೆ ಗೋಡೆಗೆ ಅಂಟಿದ ದೊಡ್ಡ ಹರಳಿನ ಸುತ್ತ ಚೂರುಗಳು ಸರಿದಾಡಲು ನೀರಿನ ಜಾಗವೇ ಇರುವುದಿಲ್ಲ. ಬಿರುಕು ಬಿಟ್ಟರೂ ಅದು ಇದ್ದಲ್ಲೇ ಇರುತ್ತದೆ, ಒಡೆದರೆ ಚೂರುಗಳು ಸಾಲಾಗಿ ನಾಳದಲ್ಲಿ ನಿಂತು ಮತ್ತೊಂದು ತಡೆ ಕಟ್ಟುತ್ತವೆ. ಎರಡು ಸೆಂ.ಮೀ. ಹರಳಿಗೆ ನಾಲ್ಕು ಸಲ ತರಂಗ ಕೊಟ್ಟು, ಮೂತ್ರಪಿಂಡ ಸೋತ ಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವ ಚಾಳಿ ಒಂದು ಕಾಲಕ್ಕೆ ನಮ್ಮ ಕಡೆ ಜೋರಾಗಿತ್ತು. ಯಂತ್ರ ಕೊಂಡವರು ಅದನ್ನು ಓಡಿಸಲೇಬೇಕಲ್ಲ.

ಅತ್ತ ಮೂತ್ರದ್ವಾರದಿಂದ ಹತ್ತುವ ದುರ್ಬೀನೂ ಬೆಳೆಯುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಗುಡ್‌ಮನ್ ಮತ್ತು ಲಯನ್ ನಾಳದ ಕೆಳಭಾಗವನ್ನು ನೋಡಿದರು. 1980ರಲ್ಲಿ ಸ್ಪೇನಿನ ಪೆರೆಸ್-ಕಾಸ್ಟ್ರೊ ಮೂತ್ರಪಿಂಡದವರೆಗೂ ತಲುಪುವ ಉದ್ದನೆಯ ಯುರೆಟೆರೊಸ್ಕೋಪನ್ನು ವರದಿ ಮಾಡಿದರು. ತೊಂಬತ್ತರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನಿಂದ ಗಾಳಿಯೊತ್ತಡದಲ್ಲಿ ಹರಳನ್ನು ಕುಟ್ಟುವ ಲಿಥೊಕ್ಲಾಸ್ಟ್ ಬಂತು. ಅಗ್ಗದ್ದು, ಗಟ್ಟಿಮುಟ್ಟಾದದ್ದು, ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಇಂದಿಗೂ ಅದೇ ದುಡಿಯುತ್ತಿದೆ. ಅದೇ ದಶಕದ ಮಧ್ಯದಲ್ಲಿ ಹೋಲ್ಮಿಯಂ ಲೇಸರ್ ಬಂದ ಮೇಲೆ ಕೆಳನಾಳದ ಹರಳಿನ ಪ್ರಶ್ನೆ ಹೆಚ್ಚುಕಡಿಮೆ ಮುಗಿಯಿತು. ಮೇಲ್ನಾಳದ ತೊಡಕೇ ಬೇರೆ. ಕುಟ್ಟಿದರೆ ಹರಳು ಮೇಲಕ್ಕೆ ಜಿಗಿದು ಮೂತ್ರಪಿಂಡದೊಳಗೆ ಓಡಿಹೋಗುತ್ತದೆ. ನೋಟ ತಿಳಿಯಾಗಲೆಂದು ನೀರು ಬಿಟ್ಟರೆ ಒತ್ತಡ ಏರುತ್ತದೆ. ಹರಳಿನ ಹಿಂದೆ ಕೀವು ನಿಂತಿದ್ದರೆ ಅದು ರಕ್ತಕ್ಕೆ ನುಗ್ಗುತ್ತದೆ. ಸಂಜೆ ಆರಾಮಾಗಿ ಮಾತನಾಡಿದ ರೋಗಿ ನಡುರಾತ್ರಿ ಚಳಿ ಹತ್ತಿ ನಡುಗುವುದನ್ನು ಈ ವೃತ್ತಿಯಲ್ಲಿರುವ ಎಲ್ಲರೂ ನೋಡಿದ್ದಾರೆ.

ಮೂರನೆಯ ದಾರಿ ಬೆನ್ನಿನದು. 1976ರಲ್ಲಿ ಸ್ವೀಡನ್ನಿನ ಫೆರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್ ಚರ್ಮದ ಮೂಲಕ ಮೂತ್ರಪಿಂಡಕ್ಕೆ ರಂಧ್ರ ಮಾಡಿ ಹರಳು ತೆಗೆದ ವರದಿ ಪ್ರಕಟಿಸಿದರು. ಪಿಸಿಎನ್‌ಎಲ್ ಎಂದು ಈಗ ಹಳ್ಳಿಯ ಮೆಡಿಕಲ್ ಶಾಪಿನವರಿಗೂ ಗೊತ್ತಿರುವ ಈ ವಿಧಾನವನ್ನು ಭಾರತಕ್ಕೆ ಒಗ್ಗಿಸಿದವರಲ್ಲಿ ಮೊದಲು ನೆನೆಯಬೇಕಾದದ್ದು ಗುಜರಾತಿನ ನಡಿಯಾದ್. 1978ರಲ್ಲಿ ಶುರುವಾದ ಅಲ್ಲಿನ ಮೂಲ್‌ಜೀಭಾಯಿ ಪಟೇಲ್ ಮೂತ್ರರೋಗ ಆಸ್ಪತ್ರೆಯಲ್ಲಿ ಡಾ. ಮಹೇಶ್ ದೇಸಾಯಿ ಅವರ ಕೈಕೆಳಗೆ ಕಲಿತವರು ದೇಶದ ಮೂಲೆಮೂಲೆಯಲ್ಲಿದ್ದಾರೆ. 2011ರಲ್ಲಿ 1.6 ಮಿ.ಮೀ. ಸೂಜಿಯೊಳಗಿಂದಲೇ ನೋಡುತ್ತ ಹರಳು ಒಡೆಯುವ 'ಮೈಕ್ರೊಪರ್ಕ್' ಅನ್ನು ಜಗತ್ತಿಗೆ ತೋರಿಸಿದವರಲ್ಲಿ ಅವರೂ ಒಬ್ಬರು, ಅಹಮದಾಬಾದಿನ ಡಾ. ಜನಕ್ ದೇಸಾಯಿ ನಾಲ್ಕು ಮಿ.ಮೀ. ಆಸುಪಾಸಿನ ರಂಧ್ರದ 'ಅಲ್ಟ್ರಾಮಿನಿ' ರೂಪಿಸಿದರು. ಮೇಲ್ನಾಳದ ಹರಳಿಗೆ ಮೂತ್ರಪಿಂಡದ ನಡುವಿನ ಅಥವಾ ಮೇಲಿನ ಬಟ್ಟಲಿನಿಂದ ಒಳಹೊಕ್ಕರೆ ದಾರಿ ನೇರವಾಗಿ ಕೆಳಗಿಳಿದು ಹರಳಿನ ತಲೆಯ ಮೇಲೆ ನಿಲ್ಲುತ್ತದೆ. ತಡೆಯಿಂದಾಗಿ ಮೂತ್ರಪಿಂಡ ಮೊದಲೇ ಊದಿರುವುದರಿಂದ ಸೂಜಿ ಹಾಕುವುದೂ ಸುಲಭ. ಹರಳು ಓಡಿಹೋಗಲು ಜಾಗವಿಲ್ಲ, ನೀರು ಹೊರಬರುವ ಕೊಳವೆಯಿರುವುದರಿಂದ ಒತ್ತಡವೂ ಏರದು. ರಕ್ತಸ್ರಾವದ ಭಯ ಮಾತ್ರ ಉಂಟು. ಮಿನಿ ಗಾತ್ರದ ಉಪಕರಣಗಳು ಅದನ್ನು ಬಹಳ ತಗ್ಗಿಸಿವೆ, ಇಲ್ಲವಾಗಿಸಿಲ್ಲ.

ನಾಲ್ಕನೆಯ ದಾರಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಈಗಿನ ಸಮೀಕ್ಷೆಗಳು ಅದನ್ನು ಕೊನೆಯ ಪ್ಯಾರಾದಲ್ಲಿ, ಕ್ಷಮೆ ಕೇಳುವ ಧಾಟಿಯಲ್ಲಿ ಮುಗಿಸುತ್ತವೆ. ಲಂಡನ್ನಿನ ಜಾನ್ ವಿಕಮ್ 1979ರಲ್ಲೇ ಬೆನ್ನಿನ ಕಡೆಯಿಂದ ಲ್ಯಾಪರೊಸ್ಕೋಪ್ ತೂರಿಸಿ ಮೂತ್ರನಾಳದ ಹರಳು ತೆಗೆದಿದ್ದರು. ಆದರೆ ಆ ವಿಧಾನ ಕೈಗೆ ಹತ್ತಲಿಲ್ಲ. ಹೊಟ್ಟೆಯ ಪರೆಯ ಹಿಂದಿನ ಜಾಗವೆಲ್ಲ ಕೊಬ್ಬು. ಗಾಳಿ ತುಂಬಿದರೂ ಅರಳುವುದಿಲ್ಲ, ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಹದಿಮೂರು ವರ್ಷ ಹಾಗೇ ಬಿದ್ದಿದ್ದ ಈ ತೊಡಕನ್ನು ಬಿಡಿಸಿದವರು ಮುಂಬೈಯ ಬಾಂಬೆ ಆಸ್ಪತ್ರೆಯ ಡಾ. ಡಿ. ಡಿ. ಗೌರ್. ಸರ್ಜನರು ತೊಡುವ ರಬ್ಬರ್ ಗ್ಲವ್ಸಿನ ಬೆರಳನ್ನು ಕತ್ತರಿಸಿ, ಕೆಂಪು ರಬ್ಬರ್ ಕ್ಯಾಥೆಟರಿನ ತುದಿಗೆ ದಾರದಿಂದ ಬಿಗಿದು, ಬಿ.ಪಿ. ಯಂತ್ರದ ಬುರುಡೆಯಿಂದ ಗಾಳಿ ಒತ್ತಿ ಒಂದು ಬಲೂನು ಮಾಡಿದರು. ಪಕ್ಕೆಯ ಸಣ್ಣ ಗಾಯದಿಂದ ಅದನ್ನು ಒಳಗಿಟ್ಟು ಊದಿದರೆ ಕೊಬ್ಬು ಅತ್ತಿತ್ತ ಸರಿದು ಕೋಣೆಯೊಂದು ತೆರೆದುಕೊಳ್ಳುತ್ತದೆ. 1992ರಲ್ಲಿ 'ಜರ್ನಲ್ ಆಫ್ ಯುರಾಲಜಿ'ಯಲ್ಲಿ ಅದು ಪ್ರಕಟವಾದ ಮೇಲೆ ರೆಟ್ರೊಪೆರಿಟೊನಿಯೋಸ್ಕೋಪಿ ಎಂಬ ಇಡೀ ಶಾಖೆಗೆ ಜೀವ ಬಂತು. ಮೂತ್ರಪಿಂಡವನ್ನೇ ತೆಗೆಯುವ ಶಸ್ತ್ರಕ್ರಿಯೆಗಳೂ ಅದೇ ಕೋಣೆಯೊಳಗೆ ನಡೆಯತೊಡಗಿದವು. ಕಂಪನಿಗಳು ಸಾವಿರಾರು ರೂಪಾಯಿಗೆ ಬಲೂನು ಮಾರತೊಡಗಿದವು. ನಮ್ಮ ಪೀಳಿಗೆಯವರು ಮಾತ್ರ ಗ್ಲವ್ಸಿನ ಬೆರಳನ್ನೇ ಕಟ್ಟಿಕೊಂಡೆವು, ಈಗಲೂ ಕಟ್ಟುತ್ತೇವೆ.

ಶಸ್ತ್ರಕ್ರಿಯೆ ನಡೆಯುವ ಬಗೆ ಹೀಗೆ. ರೋಗಿಯನ್ನು ಪಕ್ಕಕ್ಕೆ ಮಲಗಿಸಿ ಸೊಂಟದ ಕೆಳಗೆ ಮೇಜನ್ನು ಮುರಿದು ಪಕ್ಕೆಯನ್ನು ಅಗಲಿಸುತ್ತಾರೆ. ಮೂರು ರಂಧ್ರ. ಬಲೂನು ತೆಗೆದ ಮೇಲೆ ಮೊದಲು ಕಾಣುವುದು ಸೋವಾಸ್ ಸ್ನಾಯುವಿನ ಹೊಳೆಯುವ ಬೆನ್ನು. ಅದರ ಮೇಲೆ ಹರಳಿರುವ ಕಡೆ ಉಬ್ಬಿದ, ಕೆಂಪೇರಿದ ನಾಳ. ಹರಳು ಮೇಲೆ ಜಾರದಂತೆ ಅದರ ತಲೆಯ ಮೇಲೆ ಬ್ಯಾಬ್‌ಕಾಕ್ ಚಿಮಟ ಹಿಡಿದು, ಉದ್ದುದ್ದ ಸೀಳುತ್ತಾರೆ. ಚಾಕುವಿನ ತುದಿ ಹರಳಿಗೆ ತಾಗಿದ್ದು ಕೈಗೆ ತಿಳಿಯುತ್ತದೆ. ಕಂದುಬಣ್ಣದ, ಮುಳ್ಳುಮುಳ್ಳಾದ ಹರಳು ಖರ್ಜೂರದ ಬೀಜದ ಹಾಗೆ ಜಾರಿ ಬರುತ್ತದೆ. ನಾಳಕ್ಕೆ ಎರಡು ಮೂರು ಹೊಲಿಗೆ. ನಾಳದೊಳಗೆ ತಾತ್ಕಾಲಿಕ ಕೊಳವೆ, ಅಂದರೆ ಸ್ಟೆಂಟ್, ಇಡಬಹುದು, ಇಡದೆಯೂ ಇರಬಹುದು. ಪಕ್ಕದಲ್ಲೊಂದು ಡ್ರೇನ್ ಕೊಳವೆ ಸಾಕು ಎನ್ನುವವರಿದ್ದಾರೆ. ಗೌರ್ ಸುಮಾರು ನೂರು ರೋಗಿಗಳ ಅನುಭವವನ್ನು 2002ರಲ್ಲಿ ಪ್ರಕಟಿಸಿದರು. ಕೆಲವರಲ್ಲಿ ಮೂತ್ರ ಸೋರಿಕೆ ಕೆಲವು ದಿನ ಮುಂದುವರಿಯುವುದುಂಟು, ನಾಳ ಕಿರಿದಾಗುವುದು ಅಪರೂಪಕ್ಕೆ ಉಂಟು. ಕ್ಯಾಮೆರಾ ನೋಡುತ್ತ ಹೊಲಿಗೆ ಹಾಕಲು ಬಾರದವರಿಗೆ ಇದು ಒಗ್ಗುವ ಕೆಲಸವಲ್ಲ ಎಂಬುದೂ ಅಷ್ಟೇ ನಿಜ.

ಈ ದಾರಿಗಳನ್ನು ಎದುರುಬದುರು ಇಟ್ಟು ಅಳೆದ ಪ್ರಯೋಗಗಳು ಏನು ಹೇಳಿವೆ? ಇರಾನಿನ ಬಸೀರಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು ಇಂದಿಗೂ ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತ ಕೆಲಸ. ಒಂದೂವರೆ ಸೆಂ.ಮೀ. ಮೀರಿದ ಮೇಲ್ನಾಳದ ಹರಳಿದ್ದ 150 ಜನರನ್ನು ಮೂರು ಗುಂಪು ಮಾಡಿದರು. ಆಸ್ಪತ್ರೆಯಿಂದ ಮನೆಗೆ ಹೋಗುವ ದಿನ ಹರಳು ಪೂರ್ತಿ ಹೋಗಿದ್ದದ್ದು ಯುರೆಟೆರೊಸ್ಕೋಪಿಯಲ್ಲಿ ನೂರಕ್ಕೆ 56, ಬೆನ್ನಿನ ರಂಧ್ರದ ವಿಧಾನದಲ್ಲಿ 64, ಲ್ಯಾಪರೊಸ್ಕೋಪಿಯಲ್ಲಿ 88. ಮೂರು ವಾರದ ನಂತರ 76, 86 ಮತ್ತು 90. ಎರಡು ಸೆಂ.ಮೀ. ಮೀರಿದ ಹರಳುಗಳ ಬಗ್ಗೆ ದಿಲ್ಲಿಯಲ್ಲಿ ನಡೆದ ಪ್ರಯೋಗ, ಚೀನಾದ ಹಲವು ಪ್ರಯೋಗಗಳು, ಆಮೇಲೆ ಇವನ್ನೆಲ್ಲ ಕೂಡಿಸಿ ಮಾಡಿದ ವಿಶ್ಲೇಷಣೆಗಳು ಹೇಳಿದ್ದೂ ಇದನ್ನೇ: ಒಂದೇ ಸಲಕ್ಕೆ ಹರಳು ಮುಗಿಯಬೇಕೆಂದರೆ ಲ್ಯಾಪರೊಸ್ಕೋಪಿ ಮುಂದೆ, ಮೇಲಿನಿಂದ ಇಳಿಯುವ ದುರ್ಬೀನು ಅದರ ಹತ್ತಿರ, ಕೆಳಗಿನಿಂದ ಹತ್ತುವುದು ಹಿಂದೆ. ಮೊದಲೆರಡಕ್ಕೆ ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಬೇಕು, ನೋವೂ ಹೆಚ್ಚು.

ಇಲ್ಲಿ ಹೊಸಬರು ಎತ್ತುವ ಆಕ್ಷೇಪಕ್ಕೆ ತೂಕವಿದೆ. ಈ ಪ್ರಯೋಗಗಳಲ್ಲಿ ಬಹಳಷ್ಟು ಅರೆಬಾಗುವ ದುರ್ಬೀನು ಮತ್ತು ಕುಟ್ಟುವ ಯಂತ್ರದ ಕಾಲದವು. ಇಂದಿನ ಬಾಗುವ ದುರ್ಬೀನು ಓಡಿಹೋದ ಹರಳನ್ನು ಮೂತ್ರಪಿಂಡದೊಳಗೂ ಬೆನ್ನಟ್ಟುತ್ತದೆ. ಥುಲಿಯಂ ಫೈಬರ್ ಲೇಸರ್ ಹರಳನ್ನು ಪುಡಿ ಮಾಡುವ ವೇಗ ಹೋಲ್ಮಿಯಂಗಿಂತ ಹೆಚ್ಚು. ತುದಿ ಬಾಗುವ, ಪುಡಿಯನ್ನು ಹೀರುವ ಹೊಸ ಕೊಳವೆಗಳು ಒತ್ತಡದ ಸಮಸ್ಯೆಯನ್ನು ನಿಜವಾಗಿಯೂ ಹಗುರ ಮಾಡಿವೆ. ಅವು ಕಳೆದ ಹತ್ತು ವರ್ಷದ ಅತ್ಯುತ್ತಮ ಸುಧಾರಣೆ ಎಂದು ನಾನೂ ಒಪ್ಪುತ್ತೇನೆ. ಆದರೆ ಬಾಗುವ ದುರ್ಬೀನು ನಾಜೂಕಿನದು, ರಿಪೇರಿ ದುಬಾರಿ. ಒಂದೇ ಸಲ ಬಳಸಿ ಎಸೆಯುವ ದುರ್ಬೀನುಗಳನ್ನು ನಮ್ಮಲ್ಲಿ ಮತ್ತೆ ಮತ್ತೆ ಬಳಸುವುದು ಎಲ್ಲರಿಗೂ ಗೊತ್ತಿರುವ, ಯಾರೂ ಬರೆಯದ ಸಂಗತಿ. ಕಿರಿದಾದ ನಾಳದಲ್ಲಿ ಹೆಚ್ಚು ಶಕ್ತಿಯ ಲೇಸರನ್ನು ಹೆಚ್ಚು ಹೊತ್ತು ಉರಿಸಿದರೆ ಸುತ್ತಲಿನ ನೀರು ಕಾಯುತ್ತದೆ, ಒಳಪೊರೆ ಬೇಯುತ್ತದೆ. ಅದರ ಫಲ ಕಾಣುವುದು ತಿಂಗಳುಗಳ ನಂತರ, ನಾಳ ಕಿರಿದಾಗಿ ರೋಗಿ ಮತ್ತೆ ಬಂದಾಗ, ಬಹಳ ಸಲ ಬೇರೆ ವೈದ್ಯರ ಬಳಿಗೆ.

ನನ್ನ ತಕರಾರು ಇರುವುದು ಅಳತೆಗೋಲಿನ ಮೇಲೆ. ಈ ಪ್ರಯೋಗಗಳು ಹೆಚ್ಚಾಗಿ ಎಣಿಸುವುದು ಶಸ್ತ್ರಕ್ರಿಯೆಗೆ ಹಿಡಿದ ನಿಮಿಷ, ಆಸ್ಪತ್ರೆಯ ದಿನ, ತಿಂಗಳ ಕೊನೆಗೆ ಉಳಿದ ಚೂರು. ಕೆರೂರಿನ ರೋಗಿಯ ಲೆಕ್ಕ ಬೇರೆ. ಅವರು ಇತ್ತ ಬಾಗಲಕೋಟೆಗೆ ಹೋಗಬೇಕು, ಇಲ್ಲವೇ ಅತ್ತ ಹುಬ್ಬಳ್ಳಿಗೆ. ಜೊತೆಗೊಬ್ಬರು ಬೇಕು, ಇಬ್ಬರ ಕೂಲಿ ಹೋಗುತ್ತದೆ. ಲೇಸರ್ ಆದ ಮೇಲೆ ಒಳಗೆ ಡಬಲ್-ಜೆ ಸ್ಟೆಂಟ್ ಇರುತ್ತದೆ. ಅದನ್ನು ತೆಗೆಸಲು ಮತ್ತೆ ಬರಬೇಕು. ಚೂರು ಉಳಿದಿದ್ದರೆ ಮತ್ತೊಂದು ಲೇಸರ್, ಮತ್ತೊಂದು ಸ್ಟೆಂಟ್. "ಹಳ್ಳ ತಗದಾರ, ಪೈಪ್ ಒಳಗ ಬಿಟ್ಟಾರ" ಎಂದು ಹೇಳಿಕೊಂಡು ವರ್ಷ ಎರಡು ವರ್ಷದ ನಂತರ ಬರುವವರಲ್ಲಿ ಆ ಪೈಪಿನ ಮೇಲೇ ಹೊಸ ಹರಳು ಕಟ್ಟಿರುತ್ತದೆ. ಅದನ್ನು ಬಿಡಿಸುವುದು ಮೊದಲ ಶಸ್ತ್ರಕ್ರಿಯೆಗಿಂತ ಕಷ್ಟ. 1991ರಲ್ಲಿ ಸೌದಿ ಅರೇಬಿಯಾದಿಂದ, ಅಂದರೆ ನಮ್ಮಂಥದೇ ಸೆಕೆಯ ನಾಡಿನಿಂದ ಬಂದ ವರದಿಯಂತೆ ಆರು ವಾರದೊಳಗೆ ತೆಗೆದ ಸ್ಟೆಂಟುಗಳಲ್ಲಿ ಹರಳು ಕಟ್ಟಿದ್ದು ನೂರಕ್ಕೆ ಒಂಬತ್ತರಲ್ಲಿ, ಆರರಿಂದ ಹನ್ನೆರಡು ವಾರ ಇದ್ದವುಗಳಲ್ಲಿ ಹತ್ತಿರ ಹತ್ತಿರ ಅರ್ಧದಲ್ಲಿ, ಹನ್ನೆರಡು ವಾರ ದಾಟಿದವುಗಳಲ್ಲಿ ಮುಕ್ಕಾಲರಷ್ಟರಲ್ಲಿ. ಈ ಬಸ್ಸು, ಕೂಲಿ, ಮರೆತ ಪೈಪುಗಳನ್ನೆಲ್ಲ ಎಣಿಸಿ ನಾಲ್ಕು ದಾರಿಗಳನ್ನು ಹೋಲಿಸಿದ ಪ್ರಯೋಗ ನನ್ನ ಕಣ್ಣಿಗೆ ಬಿದ್ದಿಲ್ಲ. ಎಣಿಸಿದರೆ ಪಟ್ಟಿಯ ಕ್ರಮ ಬದಲಾದೀತು ಎಂಬ ಗುಮಾನಿ ನನ್ನದು.

ಎಣಿಸಲು ಜಾಗಗಳಿಗೇನೂ ಕೊರತೆಯಿಲ್ಲ. ವಿಜಯಪುರದಲ್ಲಿ ಎಂಬತ್ತರ ದಶಕದಿಂದ, ಬಾಗಲಕೋಟೆಯಲ್ಲಿ 2002ರಿಂದ ವೈದ್ಯಕೀಯ ಕಾಲೇಜುಗಳಿವೆ, ಹುಬ್ಬಳ್ಳಿ ಮತ್ತು ಬೆಳಗಾವಿ ಅದಕ್ಕೂ ಹಳೆಯವು. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಬಂದಾಗ ಸಹಕಾರ ಸಂಘದ ರೈತ ಮೊದಲ ಬಾರಿಗೆ ಸಾಲ ಮಾಡದೆ ಶಸ್ತ್ರಕ್ರಿಯೆಯ ಮೇಜಿಗೆ ಬಂದ. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಇವೆಲ್ಲದರಲ್ಲೂ ಹಣ ಸಿಗುವುದು ಶಸ್ತ್ರಕ್ರಿಯೆಗೊಂದು ಪ್ಯಾಕೇಜ್‌ನಂತೆ. ಒಂದೇ ಸಲಕ್ಕೆ ಮುಗಿಸಿದ ಸರ್ಜನನಿಗೂ ಎರಡು ಕಂತಿನಲ್ಲಿ ಮುಗಿಸಿದವರಿಗೂ ವ್ಯತ್ಯಾಸ ನೋಡುವ ಕಣ್ಣು ಆ ವ್ಯವಸ್ಥೆಗಿಲ್ಲ. ಅತ್ತ ಕಲಿಯುವ ಹುಡುಗರು ಮೂರು ವರ್ಷದ ತರಬೇತಿಯಲ್ಲಿ ಮೂತ್ರನಾಳಕ್ಕೆ ಲ್ಯಾಪರೊಸ್ಕೋಪಿಯಲ್ಲಿ ಹೊಲಿಗೆ ಹಾಕುವುದನ್ನು ಕೈಬೆರಳೆಣಿಕೆಯಷ್ಟು ಸಲ ನೋಡಿದರೆ ಪುಣ್ಯ. ನೋಡದ ವಿದ್ಯೆಯನ್ನು ಹಳತು ಎಂದು ತಳ್ಳುವುದು ಸುಲಭ.

ಹಾಗೆಂದು ಎಲ್ಲರ ಪಕ್ಕೆಗೂ ರಂಧ್ರ ಹಾಕಿ ಎನ್ನುತ್ತಿಲ್ಲ. ಒಂದೂವರೆ ಸೆಂ.ಮೀ.ಗಿಂತ ಚಿಕ್ಕದಾದ, ಹೊಸದಾಗಿ ಇಳಿದ ಹರಳಿಗೆ ಕೆಳಗಿನಿಂದ ಹತ್ತುವ ಲೇಸರೇ ಸರಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ದೊಡ್ಡ ಹರಳಿದ್ದರೂ ಬಹುಶಃ ಅದೇ ಸರಿ. ಜ್ವರ, ಕೀವು ಇದ್ದರೆ ಯಾವ ದಾರಿಯೂ ಬೇಡ. ಮೊದಲು ಒಂದು ಕೊಳವೆ ಇಟ್ಟು ಮೂತ್ರ ಹರಿಯಬಿಡಬೇಕು, ಹರಳಿನ ಮಾತು ಆಮೇಲೆ. ಎರಡು ಸೆಂ.ಮೀ. ಆಸುಪಾಸಿನ, ಅಂಟಿ ಕೂತ, ಮೇಲ್ನಾಳದ ಹರಳಿಗೆ ಮಾತ್ರ ನನ್ನ ತೀರ್ಮಾನ ಸ್ಪಷ್ಟವಿದೆ: ಮಿನಿ ಗಾತ್ರದಲ್ಲಿ ಮೇಲಿನಿಂದ ಇಳಿಯಿರಿ, ಇಲ್ಲವೇ ಗೌರ್ ತೋರಿಸಿದ ಕೋಣೆಯಲ್ಲಿ ನಾಳ ಸೀಳಿ ಹೊಲಿಯಿರಿ. ಆ ಎರಡೂ ಬಾರದ ಆಸ್ಪತ್ರೆ, ಬರುವ ಆಸ್ಪತ್ರೆಗೆ ಚೀಟಿ ಬರೆದುಕೊಡಲಿ.

ಓದುವವರ ಮನೆಯಲ್ಲಿ ಯಾರಿಗಾದರೂ ಈ ಶಸ್ತ್ರಕ್ರಿಯೆ ಗೊತ್ತುಮಾಡಿದ್ದರೆ ಡಾಕ್ಟರನ್ನು ಹೀಗೆ ಕೇಳಿ: ಹರಳು ಎಷ್ಟು ಮಿ.ಮೀ., ಎಷ್ಟು ದಿನದಿಂದ ಅಲ್ಲೇ ಇದೆ, ನಾವು ಎಷ್ಟು ಸಲ ಬರಬೇಕಾದೀತು? ಸ್ಟೆಂಟ್ ಹಾಕಿದ್ದರೆ ಡಿಸ್ಚಾರ್ಜ್ ಚೀಟಿಯ ಮೇಲೆ ಅದನ್ನು ತೆಗೆಯುವ ತಾರೀಖನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿಕೊಳ್ಳಿ. ಆರು ವಾರದೊಳಗಿನ ತಾರೀಖು ಇರಲಿ. ಮೂರು ತಿಂಗಳು ಎಂದೂ ದಾಟಬೇಡಿ.